ಕೀಮೋ ನಡೆಯುತ್ತಿರುವ ಮಗುವಿನ ಮನೆಯವರಿಗೆ ಹೇಗೆ ಆಸರೆಯಾಗುವುದು?

ಪ್ರಶ್ನೆ: ಪಕ್ಕದ ಮನೆಯ 6 ವರ್ಷದ ಹುಡುಗನಿಗೆ ರಕ್ತದ ಕ್ಯಾನ್ಸರ್. ನೋಡಲು ಹೋಗಬಹುದಾ? ಏನು ಮಾತಾಡಲಿ?

ಉತ್ತರ 1: ಮೊದಲು ಮೆಸೇಜ್ ಹಾಕಿ ಕೇಳಿ, ‘ಉತ್ತರಿಸಲೇಬೇಕೆಂದಿಲ್ಲ’ ಅಂತ ಸೇರಿಸಿ. ಕೀಮೋ (ಕ್ಯಾನ್ಸರ್‌ಗೆ ಕೊಡುವ ಔಷಧಿ ಚಿಕಿತ್ಸೆ) ಆಗಿ 7ರಿಂದ 14 ದಿನಗಳ ಹೊತ್ತಿಗೆ ಸಾಮಾನ್ಯವಾಗಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ತೀರಾ ಕುಸಿದಿರುತ್ತದೆ; ನಿಮ್ಮ ಸಣ್ಣ ನೆಗಡಿಯೂ ಆ ಮಗುವನ್ನು ಆಸ್ಪತ್ರೆಗೆ ಸೇರಿಸಬಹುದು. ನಿಮ್ಮನೆಯಲ್ಲಿ ಯಾರಿಗೇ ಕೆಮ್ಮು, ಭೇದಿ, ಚಿಕನ್‌ಪಾಕ್ಸ್ ಇದ್ದರೂ ಹೋಗಲೇಬೇಡಿ. ಹೋದರೆ 20 ಸೆಕೆಂಡ್ ಸೋಪು ಹಚ್ಚಿ ಕೈ ತೊಳೆಯಿರಿ, ಕಾಲು ಗಂಟೆಗೆ ಎದ್ದುಬಿಡಿ. ಹೂಗುಚ್ಛ ಬೇಡ, ಹೂದಾನಿಯ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಉತ್ತರ 2: ‘ಏನಾದರೂ ಬೇಕಿದ್ದರೆ ಹೇಳಿ’ ಅನ್ನೋದು ಕೆಲಸಕ್ಕೆ ಬಾರದ ಮಾತು. ಏನು ಬೇಕೆಂದು ಯೋಚಿಸುವ ಹೊರೆಯೂ ಅವರ ತಲೆಗೇ! ‘ಮಂಗಳವಾರ ಸಂಜೆ 7ಕ್ಕೆ ಊಟ ಬಾಗಿಲ ಬಳಿ ಇಡ್ತೀನಿ, ಡಬ್ಬಿ ವಾಪಸ್ ಬೇಡ’ ಅನ್ನಿ. ಅದು ಅಪ್ಪ-ಅಮ್ಮನಿಗೆ ಮಾತ್ರ. ಮಗು ಏನು ತಿನ್ನಬೇಕು ಅನ್ನೋದು ಡಾಕ್ಟರ್‌ಗೆ ಬಿಟ್ಟದ್ದು.

ಉತ್ತರ 3: ಅಕ್ಕನೋ ಅಣ್ಣನೋ ಇದ್ದರೆ ಶಾಲೆಗೆ ಬಿಡುವುದು, ಹೋಂವರ್ಕ್ ನೀವು ವಹಿಸಿಕೊಳ್ಳಿ. ‘ತಮ್ಮ ಹೇಗಿದಾನೆ’ ಅನ್ನೋ ಮೊದಲು ‘ನೀನು ಹೇಗಿದೀಯ’ ಅಂತ ಕೇಳಿ.

ಉತ್ತರ 1: ಮಾತಿನ ವಿಷಯ ಬಿಟ್ಟುಹೋಯಿತು. ‘ಎಲ್ಲ ಸರಿಹೋಗುತ್ತೆ’, ಬೇರೆಯವರ ಕೇಸು, ನಾಟಿ ಔಷಧಿ ಮೂರೂ ಬೇಡ. ‘ಇವತ್ತು ಹೇಗಿತ್ತು?’ ಅಂತ ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ.