ಪರ್ತಿನ ಜೂಡಿ ಡೇವಿಸ್, ನಮ್ಮ ಸಾವನದುರ್ಗ, ಮತ್ತೆ ಮಗಳ ಡ್ರಾಮಾ ಕೋರ್ಸು

ನಮಸ್ಕಾರ ಎಲ್ರಿಗೂ. ಹೋದ ವಾರ ಬ್ರಿಸ್ಬೇನಿನ ಅಕ್ಕ ಒಬ್ರು ಕೇಳಿದ್ರಲ್ಲ, ಮಗಳು ಕೆಮಿಸ್ಟ್ರಿ ಬಿಟ್ಟು ಡ್ರಾಮಾ ತಗೋತೀನಿ ಅಂತ ಹಟ ಹಿಡಿದಿದಾಳೆ ಏನ್ ಮಾಡ್ಲಿ ಅಂತ, ಅದಕ್ಕೆ ಬಂದ ಕಾಮೆಂಟ್ ಎಲ್ಲಾ ಕೂತು ಓದ್ದೆ. ಅರ್ಧ ಜನ ಅವಳಿಷ್ಟಕ್ಕೆ ಬಿಟ್ಬಿಡಿ ಅಂದ್ರು, ಇನ್ನರ್ಧ ಜನ ಹವ್ಯಾಸ ಅಂತ ಇಟ್ಕೊಳ್ಲಿ, ಡಿಗ್ರಿ ಮಾತ್ರ ಗಟ್ಟಿಯಾಗಿರೋದು ಮಾಡ್ಲಿ ಅಂದ್ರು. ನಾನು ಬರೆಯೋಕೆ ಕೂತ್ರೆ ಉದ್ದ ಆಗುತ್ತೆ ಅಂತ ಬೇರೆ ಪೋಸ್ಟೇ ಹಾಕ್ತಿದೀನಿ. ನಮ್ಮನೇಲೂ ಇದೇ ಮಾತು ಒಂದೂವರೆ ವರ್ಷದಿಂದ ನಡೀತಿದೆ. ಮಗಳಿಗೆ ಈಗ ಹದಿನಾರು, ನಾವಿರೋದು ಆಸ್ಟ್ರೇಲಿಯಾದ ಪರ್ತಲ್ಲಿ.

ನಮ್ಮನೇಲಿ ಈ ಜಗ್ಗಾಟಕ್ಕೆ ಒಂದು ದಾರಿ ಸಿಕ್ಕಿದ್ದು ಒಬ್ಬ ನಟಿಯಿಂದ, ಜೂಡಿ ಡೇವಿಸ್ ಅಂತ. ನಿಕೋಲ್ ಕಿಡ್ಮನ್, ಕೇಟ್ ಬ್ಲಾಂಚೆಟ್ ಹೆಸರು ಹೇಳಿದ ತಕ್ಷಣ ಮುಖ ನೆನಪಾಗೋ ಹಾಗೆ ಇವ್ರದ್ದು ಎಲ್ರಿಗೂ ನೆನಪಾಗಲ್ಲ. ನಂಗೂ ಗೊತ್ತಿರ್ಲಿಲ್ಲ. ನಮ್ಮಪ್ಪ ಇಲ್ಲಿಗೆ ಬಂದಿದ್ದಾಗ ಒಂದಿನ ರಾತ್ರಿ ಟೀವೀಲಿ ಹಳೇ ಇಂಗ್ಲಿಷ್ ಸಿನಿಮಾ ಬರ್ತಿತ್ತು, ಸೋಫಾಕ್ಕೆ ಒರಗಿ ತೂಕಡಿಸ್ತಿದ್ದ ಅಪ್ಪ ಇದ್ದಕ್ಕಿದ್ದ ಹಾಗೆ ಎದ್ದು ಕೂತು "ಇದು ನಮ್ ಸಾವನದುರ್ಗ ಕಣಮ್ಮ!" ಅಂದ್ರು. ನಮ್ದು ಮಾಗಡಿ. ನಾನು ಚಿಕ್ಕೋಳಿದ್ದಾಗ ವೀರಭದ್ರಸ್ವಾಮಿ ದೇವಸ್ಥಾನಕ್ಕೆ, ನರಸಿಂಹಸ್ವಾಮಿ ದೇವಸ್ಥಾನಕ್ಕೆ ಬುತ್ತಿ ಕಟ್ಕೊಂಡು ಹೋಗ್ತಿದ್ದಿದ್ದು ಆ ಬೆಟ್ಟದ ಬುಡಕ್ಕೇನೆ. ಆ ಬಂಡೆ ಬೋಳು ಬೆನ್ನು ನೋಡಿದ್ರೆ ಮಾಗಡಿಯವ್ರು ಯಾರೂ ತಪ್ಪು ಹೇಳಲ್ಲ.

ಆ ಸಿನಿಮಾ ಡೇವಿಡ್ ಲೀನ್ ಮಾಡಿದ್ದು, "ಎ ಪ್ಯಾಸೇಜ್ ಟು ಇಂಡಿಯಾ", 1984ರದ್ದು, ಅವ್ರ ಕೊನೇ ಸಿನಿಮಾ. ಈ.ಎಂ. ಫಾರ್ಸ್ಟರ್ ಕಾದಂಬರಿಯಲ್ಲಿ ಬರೋ ಮರಬಾರ್ ಗುಹೆಗಳು ಬಿಹಾರದ ಬರಾಬರ್ ಗುಹೆ ನೋಡಿ ಬರೆದಿದ್ದಂತೆ, ಆದ್ರೆ ಸಿನಿಮಾದಲ್ಲಿ ಕಾಣೋದು ನಮ್ಮ ಸಾವನದುರ್ಗ, ರಾಮದೇವರ ಬೆಟ್ಟ. ಬೆಂಗಳೂರಲ್ಲೂ ಬೇಕಾದಷ್ಟು ಶೂಟಿಂಗ್ ಆಗಿದೆ. ರಾಮನಗರ ಅಂದ್ರೆ ಎಲ್ರೂ ಶೋಲೆ ಅಂತಾರೆ, ಇದನ್ನ ಯಾರೂ ನೆನೆಸ್ಕೊಳಲ್ಲ, ನಂಗೆ ಅದು ಬೇಜಾರು. ಆ ಬೆಟ್ಟದಲ್ಲಿ ಟೋಪಿ ಹಾಕ್ಕೊಂಡು, ಬಿಸಿಲಿಗೆ ಮುಖ ಕೆಂಪಾಗಿ, ಗುಹೆ ಬಾಗಿಲಲ್ಲಿ ನಿಂತಿರೋ ಹುಡುಗಿ ಆಡೆಲಾ ಕ್ವೆಸ್ಟೆಡ್, ಅದೇ ಜೂಡಿ ಡೇವಿಸ್. ಮದುವೆ ಆಗ್ಬೇಕಾದ ಹುಡುಗನ್ನ ನೋಡೋಕೆ ಇಂಡಿಯಾಕ್ಕೆ ಬಂದು, ಗುಹೆಯೊಳಗೆ ಹೋಗಿ ಹೆದರಿ ಓಡಿ ಬಂದು, ಡಾಕ್ಟರ್ ಅಜೀಜ್ ಮೇಲೆ ಆಪಾದನೆ ಬಂದು, ಆಮೇಲೆ ತುಂಬಿದ ಕೋರ್ಟಲ್ಲಿ ತನ್ನವರೆಲ್ಲರ ಎದುರು ನಿಂತು ನಾನು ಹೇಳಿದ್ದು ತಪ್ಪು ಅಂತ ಹೇಳೋ ಪಾತ್ರ. ಮಗಳು ಆ ಕೋರ್ಟ್ ಸೀನನ್ನ ಮೂರು ಸಲ ಹಿಂದಕ್ಕೆ ಹಾಕಿ ನೋಡಿದ್ಲು. "ಅಮ್ಮ ಅವ್ರು ಏನೂ ಮಾಡ್ತಿಲ್ಲ ನೋಡು, ಬರೀ ಕೇಳಿಸ್ಕೊಳ್ತಿದಾರೆ" ಅಂದ್ಲು. ಆ ಮಾತು ಕೇಳಿ ನಂಗೆ ಮೊದಲನೇ ಸಲ ಅನ್ನಿಸ್ತು, ಇವಳಿಗೆ ಸ್ಟೇಜ್ ಮೇಲೆ ಮಿಂಚೋ ಆಸೆ ಮಾತ್ರ ಅಲ್ಲ, ಈ ಕೆಲಸದ ಒಳಗು ಕಾಣ್ತಿದೆ ಅಂತ.

ಆಮೇಲೆ ನಾವಿಬ್ರೂ ಅವ್ರ ಬಗ್ಗೆ ಸಿಕ್ಕಿದ್ದೆಲ್ಲ ಓದ್ಕೊಂಡು ಹೋದ್ವಿ. ಆಗ ಗೊತ್ತಾಗಿದ್ದು ಅವ್ರು ಹುಟ್ಟಿದ್ದೇ ಪರ್ತಲ್ಲಿ, 1955ರ ಏಪ್ರಿಲ್ 23ಕ್ಕೆ. ಕಟ್ಟುನಿಟ್ಟಿನ ಕ್ಯಾಥೊಲಿಕ್ ಮನೆ, ಓದಿದ್ದು ಲೊರೆಟೊ ಕಾನ್ವೆಂಟಲ್ಲಿ. ಹದಿನೇಳರ ಹೊತ್ತಿಗೆ ಸ್ಕೂಲು ಬಿಟ್ಟು ಒಂದು ಬ್ಯಾಂಡಲ್ಲಿ ಹಾಡೋಕೆ ಹೋದವ್ರು. (ಇದನ್ನ ಮಗಳಿಗೆ ಓದಿ ಹೇಳ್ಬೇಕಾದ್ರೆ ನಮ್ಮನೆಯವ್ರು ನನ್ನ ಮುಖ ನೋಡಿದ್ರು, ಅದು ಬೇರೆ ಮಾತು.) ಪರ್ತಲ್ಲಿ ವೆಸ್ಟರ್ನ್ ಆಸ್ಟ್ರೇಲಿಯನ್ ಇನ್ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಅಂತ ಒಂದಿತ್ತು, ಅಲ್ಲೂ ಸ್ವಲ್ಪ ಓದಿದಾರೆ. ಆ ಕಾಲೇಜೇ ಈಗಿನ ಕರ್ಟಿನ್ ಯೂನಿವರ್ಸಿಟಿ, ನಮ್ಮನೆಯವ್ರು ಸ್ಟೂಡೆಂಟ್ ವೀಸಾದಲ್ಲಿ ಬಂದು ಮಾಸ್ಟರ್ಸ್ ಮಾಡಿದ ಜಾಗ. ಅವ್ರು ನಮ್ಮೂರ ಬೆಟ್ಟಕ್ಕೆ ಬಂದ್ರು, ನಾವು ಅವ್ರ ಊರಿಗೆ ಬಂದ್ವಿ. ಯಾಕೋ ಇದು ನಂಗೆ ತುಂಬಾ ಹತ್ರದ ವಿಷಯ ಅನ್ನಿಸ್ಬಿಟ್ಟಿದೆ.

ಈಗ ಮುಖ್ಯವಾದ ಮಾತು. ನಾವೆಲ್ಲ ಅಂದ್ಕೊಳ್ಳೋದು ಏನು, ಸಿನಿಮಾದವ್ರು ಅಂದ್ರೆ ಯಾರೋ ರಸ್ತೇಲಿ ನೋಡಿ ಕರ್ಕೊಂಡು ಹೋದ್ರು, ಅದೃಷ್ಟ ಇತ್ತು, ಆಯ್ತು ಅಂತ. ಜೂಡಿ ಡೇವಿಸ್ ಹಾಗೆ ಬಂದವ್ರಲ್ಲ. ಪರ್ತಿಂದ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಸಿಡ್ನಿಗೆ ಹೋಗಿ ನೈಡಾ ಸೇರಿದ್ರು, ಅಂದ್ರೆ ನ್ಯಾಷನಲ್ ಇನ್ಸ್ಟಿಟ್ಯೂಟ್ ಆಫ್ ಡ್ರಮ್ಯಾಟಿಕ್ ಆರ್ಟ್, 1958ರಲ್ಲಿ ಶುರುವಾದ ಸಂಸ್ಥೆ. ಆಡಿಷನ್ ಕೊಟ್ಟು ಗೆದ್ದವ್ರಿಗೆ ಮಾತ್ರ ಸೀಟು. ಧ್ವನಿ, ಉಸಿರು, ನಡಿಗೆ, ಹಳೇ ನಾಟಕಗಳ ಮಾತು, ಇದೆಲ್ಲ ಬೆಳಿಗ್ಗೆಯಿಂದ ಸಂಜೆ ತನಕ ಮೈಬಗ್ಗಿಸಿ ಕಲಿಯೋ ಜಾಗ ಅದು. 1977ರಲ್ಲಿ ಪಾಸಾಗಿ ಬಂದ್ರು. ಅಲ್ಲಿದ್ದಾಗ ರೋಮಿಯೊ ಅಂಡ್ ಜೂಲಿಯೆಟ್ ಮಾಡಿದ್ರು, ಇವ್ರು ಜೂಲಿಯೆಟ್, ರೋಮಿಯೊ ಯಾರು ಗೊತ್ತಾ, ಮೆಲ್ ಗಿಬ್ಸನ್. ಆಮೇಲೆ ಮದುವೆ ಆದ ಕಾಲಿನ್ ಫ್ರೀಲ್ಸ್ ಕೂಡ ನೈಡಾದವ್ರೇ.

ನಮ್ಮನೆಯವ್ರು ಸಾಗರದ ಕಡೆಯವ್ರು, ಹೆಗ್ಗೋಡಿನ ನೀನಾಸಂ ನಾಟಕ ನೋಡ್ಕೊಂಡೇ ಬೆಳೆದವ್ರು. ಸುಬ್ಬಣ್ಣನವ್ರ ಹೆಸರು ಹೇಳಿದ್ರೆ ಈಗ್ಲೂ ಅವ್ರ ದನಿ ಬದಲಾಗುತ್ತೆ. ಅಂಥವ್ರೇ ಮಗಳು ಡ್ರಾಮಾ ಅಂದಾಗ ಬೇಡ ಅಂದಿದ್ದು. ಅದ್ರಲ್ಲಿ ತಪ್ಪು ಹುಡುಕೋಕೆ ನಂಗೆ ಮನಸ್ಸು ಬರಲ್ಲ. ಪಿಆರ್, ಅಂದ್ರೆ ಇಲ್ಲಿ ಕಾಯಂ ಆಗಿ ಇರೋ ಅನುಮತಿ, ಬರೋ ತನಕ ಅವ್ರು ರಾತ್ರಿ ಗೋಡೌನಲ್ಲಿ ಕೆಲಸ ಮಾಡಿ ಹಗಲು ಕ್ಲಾಸಿಗೆ ಹೋಗ್ತಿದ್ರು, ತಿಂಗಳ ಬಾಡಿಗೆ ಕಟ್ಟಿದ ಮೇಲೆ ಉಳಿದಿದ್ದನ್ನ ಎಣಿಸಿ ಅಕ್ಕಿ ತರ್ತಿದ್ವಿ. ಆ ದಿನಗಳು ಮಗಳಿಗೆ ಬರಬಾರ್ದು ಅನ್ನೋದು ಅವ್ರ ಭಯ, ಇಲ್ಲಿ ಇದನ್ನ ಓದ್ತಿರೋ ಎಷ್ಟೋ ಅಪ್ಪಂದಿರ ಭಯಾನೂ ಅದೇ. ಒಂದಿನ ನಾನು ಅವ್ರಿಗೆ, ರೀ, ನೈಡಾ ಅಂದ್ರೆ ನಿಮ್ಮ ಹೆಗ್ಗೋಡಿನ ರಂಗಶಿಕ್ಷಣ ಕೇಂದ್ರ ಇದ್ಹಾಗೆ, ಅಲ್ಲಿ ಕಲಿತವ್ರು ಯಾರನ್ನಾದ್ರೂ ನೀವು ದಾರಿ ತಪ್ಪಿದವ್ರು ಅಂದಿದೀರಾ ಅಂತ ಕೇಳ್ದೆ. ಅವತ್ತು ಏನೂ ಹೇಳ್ಲಿಲ್ಲ. ಎರಡು ದಿನ ಬಿಟ್ಟು ಅವ್ರೇ ಬಂದು, ನಮ್ಮ ಪರ್ತಲ್ಲೇ ವಾಪಾ ಇದೆಯಲ್ಲ, ಅದು ಶುರುವಾಗಿದ್ದು 1980ರಲ್ಲಿ, ನೀನಾಸಂ ರಂಗಶಿಕ್ಷಣ ಕೇಂದ್ರ ಶುರುವಾಗಿದ್ದೂ ಅದೇ ವರ್ಷ ಕಣೆ ಅಂದ್ರು. ವಾಪಾ ಗೊತ್ತಿಲ್ಲದವ್ರಿಗೆ, ಅದು ಎಡಿತ್ ಕೋವನ್ ಯೂನಿವರ್ಸಿಟಿಯ ಪರ್ಫಾರ್ಮಿಂಗ್ ಆರ್ಟ್ಸ್ ಕಾಲೇಜು, ಹ್ಯೂ ಜಾಕ್ಮನ್ ಓದಿದ್ದು ಅಲ್ಲೇ. ಜೂಡಿ ಡೇವಿಸ್ ಕಾಲಕ್ಕೆ ಅದು ಇರ್ಲಿಲ್ಲ, ಅವ್ರು ಸಿಡ್ನಿಗೆ ಹೋಗ್ಲೇಬೇಕಿತ್ತು.

ಅವ್ರಿಗೆ ಹೆಸರು ತಂದ್ಕೊಟ್ಟಿದ್ದು 1979ರ "ಮೈ ಬ್ರಿಲಿಯಂಟ್ ಕೆರಿಯರ್", ಗಿಲಿಯನ್ ಆರ್ಮ್‌ಸ್ಟ್ರಾಂಗ್ ಅನ್ನೋ ಹೆಣ್ಮಗಳ ನಿರ್ದೇಶನ. ಮೈಲ್ಸ್ ಫ್ರಾಂಕ್ಲಿನ್ 1901ರಲ್ಲಿ ಪ್ರಕಟಿಸಿದ ಕಾದಂಬರಿ ಅದು. ಹಳ್ಳಿಗಾಡಿನ ಬಡ ಮನೆ ಹುಡುಗಿ ಸಿಬಿಲಾ, ಒಳ್ಳೇ ಹುಡುಗ, ಆಸ್ತಿವಂತ, ಇವಳನ್ನ ನಿಜವಾಗ್ಲೂ ಇಷ್ಟಪಡ್ತಾನೆ, ಆದ್ರೂ ಮದುವೆ ಒಲ್ಲೆ ಅಂತಾಳೆ, ನಾನು ಬರೀಬೇಕು ಅಂತಾಳೆ. ಹೆಣ್ಮಕ್ಕಳಿರೋ ಮನೇಲಿ ಒಂದ್ಸಲ ಎಲ್ರೂ ಕೂತು ನೋಡಿ. ನಮ್ಮತ್ತೆ ಇಂಗ್ಲಿಷ್ ಬರದೇನೇ ಪೂರ್ತಿ ನೋಡಿದ್ರು, ಕೊನೇಗೆ "ಆ ಹುಡುಗ ಪಾಪ, ಆದ್ರೆ ಅವಳು ಹೇಳಿದ್ದೇ ಸರಿ" ಅಂದ್ರು. ಆ ಪಾತ್ರಕ್ಕೆ ಬ್ರಿಟನ್ನಿನ ಬಾಫ್ಟಾದಲ್ಲಿ ಅತ್ಯುತ್ತಮ ನಟಿ, ಹೊಸ ಪ್ರತಿಭೆ ಎರಡೂ ಪ್ರಶಸ್ತಿ ಒಟ್ಟಿಗೇ ಬಂತು.

ಸಾವನದುರ್ಗಕ್ಕೆ ಬರೋವಾಗ ಅವ್ರಿಗೆ 28, ಲೀನ್ ಎಪ್ಪತ್ತೈದು ದಾಟಿದ್ದ ದೊಡ್ಡ ನಿರ್ದೇಶಕ. ಇಬ್ಬರಿಗೂ ಸೆಟ್ಟಲ್ಲಿ ಹೊಂದ್ಕೊಳ್ಲಿಲ್ಲ ಅನ್ನೋದು ಎಲ್ರಿಗೂ ಗೊತ್ತಿರೋ ವಿಷಯ, ಪಾತ್ರ ಹೇಗಿರ್ಬೇಕು ಅನ್ನೋದ್ರ ಮೇಲೆ ಇವ್ರು ತಮ್ಮ ಮಾತು ಬಿಟ್ಕೊಡ್ಲಿಲ್ಲ. ಆ ಪಾತ್ರಕ್ಕೇನೆ ಆಸ್ಕರ್ ನಾಮಿನೇಷನ್ ಬಂತು. ಇದನ್ನ ಓದಿದಾಗಿಂದ ನನ್ನ ತಲೇಲಿ ಒಂದು ಕೊರೀತಿದೆ. ನಾವು ಮಕ್ಕಳಿಗೆ ದೊಡ್ಡವ್ರ ಎದುರು ಮಾತಾಡ್ಬೇಡ ಅಂತ ಹೇಳಿ ಬೆಳೆಸ್ತೀವಿ, ಇಲ್ಲಿನ ಸ್ಕೂಲಲ್ಲಿ ಟೀಚರ್ ಮಾತಾಡು, ಯಾಕೆ ಒಪ್ಪಲ್ಲ ಹೇಳು ಅಂತಾರೆ, ಮಗು ಎರಡರ ನಡುವೆ ಸಿಕ್ಕಿಕೊಳ್ಳುತ್ತೆ. ನನ್ನ ಮಗಳು ಸ್ಕೂಲಲ್ಲಿ ಒಂದು ನಾಟಕದಲ್ಲಿ ಇಂಡಿಯನ್ ಅಂಗಡಿಯವಳ ಪಾತ್ರಕ್ಕೆ ತಲೆ ಅಲ್ಲಾಡಿಸ್ತಾ ವಿಚಿತ್ರ ಉಚ್ಚಾರಣೆಯಲ್ಲಿ ಮಾತಾಡು ಅಂತ ಹೇಳಿದಾಗ ಮನೆಗೆ ಬಂದು ಅತ್ಳು, ಅಲ್ಲಿ ಮಾತ್ರ ಏನೂ ಹೇಳಿರ್ಲಿಲ್ಲ. ಅವತ್ತು ನಂಗೆ ಅನ್ನಿಸಿದ್ದು, ಬೇಡ ಅನ್ನೋಕೆ ನಾನೇ ಕಲಿಸ್ಬೇಕಿತ್ತು ಅಂತ. ಮಾರನೇ ದಿನ ಅವಳೇ ಹೋಗಿ ಹೇಳಿದ್ಲು, ಪಾತ್ರವನ್ನ ಬದಲಾಯಿಸಿದ್ರು.

ಆಮೇಲಿನ ಸಿನಿಮಾಗಳ ಲೆಕ್ಕ ಎಲ್ಲಾ ಬರೆಯೋಕೆ ಹೋಗಲ್ಲ. ವುಡಿ ಅಲೆನ್ನಿನ "ಹಸ್ಬಂಡ್ಸ್ ಅಂಡ್ ವೈವ್ಸ್"ಗೆ ಎರಡನೇ ಆಸ್ಕರ್ ನಾಮಿನೇಷನ್, ಟೀವಿ ಕೆಲಸಕ್ಕೆ ಮೂರು ಎಮ್ಮಿ ಪ್ರಶಸ್ತಿ. ಅದ್ರಲ್ಲಿ ಒಂದು, 2001ರಲ್ಲಿ ಹಾಲಿವುಡ್ಡಿನ ಹಳೇ ಕಾಲದ ನಟಿ, ಗಾಯಕಿ ಜೂಡಿ ಗಾರ್ಲೆಂಡ್ ಪಾತ್ರ ಮಾಡಿದ್ದಕ್ಕೆ. ಇದನ್ನ ಅಪ್ಪ ಅಮ್ಮಂದಿರು ನೋಡ್ಲೇಬೇಕು ಅಂತೀನಿ. ಗಾರ್ಲೆಂಡ್‌ನ ಎರಡೂವರೆ ವರ್ಷಕ್ಕೇ ಸ್ಟೇಜ್ ಹತ್ತಿಸಿದ್ರು, ಹದಿಮೂರಕ್ಕೆ ಸ್ಟುಡಿಯೋ ಕಾಂಟ್ರಾಕ್ಟು, ತೂಕ ಇಳಿಸೋಕೆ ಮಾತ್ರೆ, ನಿದ್ದೆಗೆ ಮಾತ್ರೆ, 47ಕ್ಕೆ ಹೋಗ್ಬಿಟ್ರು. ಊರಲ್ಲಿ ರಿಯಾಲಿಟಿ ಶೋಗೆ ಐದು ವರ್ಷದ ಮಕ್ಕಳನ್ನ ಮೇಕಪ್ ಹಚ್ಚಿ ನಿಲ್ಲಿಸಿ ಜಡ್ಜ್ ಬೈದಾಗ ಕ್ಯಾಮೆರಾ ಹತ್ರ ತರೋದು ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ. ಆ ಪಾತ್ರ ಮಾಡಿದ ಜೂಡಿ ಡೇವಿಸ್ ಬಾಲನಟಿ ಅಲ್ಲವೇ ಅಲ್ಲ, ಬೆಳೆದ ಮೇಲೆ ಕಲಿತು ಬಂದವ್ರು. ಹಾಲಿವುಡ್ಡಲ್ಲಿ ಅಷ್ಟು ಕೆಲಸ ಇದ್ರೂ ಮನೆ ಸಿಡ್ನಿಯಲ್ಲೇ ಇಟ್ಕೊಂಡು, ಮಗ ಮಗಳು ಇಬ್ರನ್ನೂ ಬೆಳೆಸಿದ್ರು.

ತಾಯಿ ಪಾತ್ರಗಳು ಅಂದ್ರೆ ಎರಡು ಹೇಳ್ತೀನಿ. 1987ರ "ಹೈ ಟೈಡ್", ಮತ್ತೆ ಗಿಲಿಯನ್ ಆರ್ಮ್‌ಸ್ಟ್ರಾಂಗ್ ಸಿನಿಮಾ, ಎಳೇ ಮಗುವನ್ನ ಬಿಟ್ಟು ಹೋಗಿದ್ದ ಗಾಯಕಿ, ಸಮುದ್ರದ ಪಕ್ಕದ ಊರಲ್ಲಿ ಗಾಡಿ ಕೆಟ್ಟು ನಿಂತಾಗ ಬೆಳೆದ ಮಗಳು ಎದುರಿಗೆ ಸಿಗ್ತಾಳೆ. ಇನ್ನೊಂದು 2021ರ "ನಿಟ್ರಮ್", 1996ರಲ್ಲಿ ಟಾಸ್ಮೇನಿಯಾದ ಪೋರ್ಟ್ ಆರ್ಥರಲ್ಲಿ 35 ಜನರನ್ನ ಗುಂಡಿಟ್ಟು ಕೊಂದ ಹುಡುಗನ ಕಥೆ, ಇವ್ರು ಅವನ ತಾಯಿ. ಮಕ್ಕಳ ಜೊತೆ ನೋಡೋದಲ್ಲ ಅದು, ನೀವು ನೋಡಿ. ಮಗ ಕೈ ಮೀರ್ತಿದಾನೆ ಅಂತ ಗೊತ್ತಿದ್ದೂ ಏನು ಮಾಡ್ಬೇಕು ತಿಳೀದೆ ಸಿಗರೇಟ್ ಹಚ್ಕೊಂಡು ಕೂರೋ ಅಮ್ಮ. ಎರಡು ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ.

ಒಬ್ರು ಆ ಹಳೇ ಚರ್ಚೇಲಿ ಬರೆದಿದ್ರು, ಇಲ್ಲಿ ನಮ್ಮ ಬಣ್ಣದ ಹುಡುಗೀರಿಗೆ ಪಾತ್ರ ಎಲ್ಲಿದೆ, ಇದೆಲ್ಲ ಬಿಳಿಯರ ಮಕ್ಕಳಿಗೆ ಅಂತ. ಒಪ್ತೀನಿ, ಜೂಡಿ ಡೇವಿಸ್‌ಗೆ ಆ ಕಷ್ಟ ಇರ್ಲಿಲ್ಲ. ಆದ್ರೆ ಪಲ್ಲವಿ ಶಾರದಾ ಅವ್ರನ್ನ ನೋಡಿ. ಅವ್ರೂ ಪರ್ತಲ್ಲೇ ಹುಟ್ಟಿದವ್ರು, ಬೆಳೆದಿದ್ದು ಮೆಲ್ಬರ್ನ್, ಚಿಕ್ಕಂದಿನಿಂದ ಭರತನಾಟ್ಯ, ಮೆಲ್ಬರ್ನ್ ಯೂನಿವರ್ಸಿಟೀಲಿ ಲಾ ಓದು. ಮುಂಬೈಗೆ ಹೋಗಿ ಹಿಂದಿ ಸಿನಿಮಾ ಮಾಡಿದ್ರು, 2016ರ "ಲಯನ್"ನಲ್ಲಿ ಇದ್ರು, 2022ರ "ವೆಡ್ಡಿಂಗ್ ಸೀಸನ್"ಗೆ ನಾಯಕಿ. ಬಾಗಿಲು ದೊಡ್ಡದಾಗಿ ತೆಗೆದಿಲ್ಲ, ಆದ್ರೆ ಮೊದಲಿನ ಹಾಗೆ ಮುಚ್ಚಿಯೂ ಇಲ್ಲ. ಅವ್ರ ಥರ ಡಿಗ್ರಿ ಮುಗಿಸಿ ಹೋಗೋದೂ ಒಂದು ದಾರಿ, ಬ್ರಿಸ್ಬೇನಿನ ಅಕ್ಕನಿಗೆ ಅದು ಸರಿ ಅನ್ನಿಸ್ಬಹುದು.

ನಮ್ಮನೇಲಿ ಈಗ ಆಗಿರೋ ತೀರ್ಮಾನ ಇಷ್ಟು. ಹನ್ನೊಂದು ಹನ್ನೆರಡನೇ ಕ್ಲಾಸಿಗೆ ಡ್ರಾಮಾ ಎಟಾರ್ ಸಬ್ಜೆಕ್ಟ್ (ಅಂದ್ರೆ ಯೂನಿವರ್ಸಿಟಿ ಸೇರೋಕೆ ಲೆಕ್ಕಕ್ಕೆ ಬರೋ ಸಬ್ಜೆಕ್ಟ್) ಇರುತ್ತೆ, ಜೊತೆಗೆ ಮ್ಯಾಥ್ಸೂ ಇರುತ್ತೆ, ಅದು ಅವ್ರಪ್ಪನ ಮಾತು, ಅವಳೂ ಒಪ್ಪಿದಾಳೆ. ವಾಪಾಗೂ ನೈಡಾಗೂ ಎರಡಕ್ಕೂ ಆಡಿಷನ್ ಕೊಡ್ತಾಳೆ. ಸಿಗದಿದ್ರೆ ಒಂದು ವರ್ಷ ಕೆಲಸ ಮಾಡಿ ಮತ್ತೆ ಕೊಡ್ಬಹುದು, ಆ ವರ್ಷದ ಖರ್ಚು ಅವಳದ್ದೇ. ಶನಿವಾರ ಕನ್ನಡ ಶಾಲೆ ಬಿಡೋ ಹಾಗಿಲ್ಲ. ಇದಕ್ಕೆ ನಾನು ಕೊಟ್ಟ ಕಾರಣ ಅವಳಿಗೂ ಸರಿ ಅನ್ನಿಸಿದೆ, ನಾಲಿಗೆಗೆ ಎರಡು ಭಾಷೆ ಇದ್ರೆ ಬಾಯಿಗೆ ಕಸುವು ಬರುತ್ತೆ, ಳ ಣ ಸರಿಯಾಗಿ ಹೇಳೋಕೆ ಕಲಿತವಳಿಗೆ ಬೇರೆ ಉಚ್ಚಾರಣೆ ಕಷ್ಟ ಆಗಲ್ಲ ಅಂತ.

ಡಿಸೆಂಬರಲ್ಲಿ ಊರಿಗೆ ಹೋಗ್ತಿದೀವಿ. ಅಪ್ಪನಿಗೆ ಮಂಡಿ ನೋವು, ಬೆಟ್ಟ ಹತ್ತೋಕೆ ಆಗಲ್ಲ, ಕೆಳಗೆ ದೇವಸ್ಥಾನದ ಹತ್ರ ಕೂತಿರ್ತೀನಿ, ಶೂಟಿಂಗ್ ಎಲ್ಲಿ ಆಯ್ತು ಅಂತ ಕೈ ಮಾಡಿ ತೋರಿಸ್ತೀನಿ ಅಂದಿದಾರೆ. ಮಗಳು ಈಗ್ಲೇ ಶೂ ತಗೊಂಡಿದಾಳೆ.

ಸಿಡ್ನಿಯಲ್ಲಿ ಇರೋರು ಒಂದು ಸಹಾಯ ಮಾಡಿ, ನೈಡಾ ಇರೋ ಕೆನ್ಸಿಂಗ್ಟನ್ ಸುತ್ತಮುತ್ತ ಓದೋ ಮಕ್ಕಳು ಹೇಗೆ ಇರ್ತಾರೆ, ರೂಮು ಹಂಚ್ಕೊಂಡ್ರೆ ವಾರಕ್ಕೆ ಎಷ್ಟಾಗುತ್ತೆ, ಒಬ್ಬಳೇ ಹುಡುಗಿಗೆ ಯಾವ ಕಡೆ ಮನೆ ನೋಡೋದು ಒಳ್ಳೇದು, ಗೊತ್ತಿರೋರು ದಯವಿಟ್ಟು ಕೆಳಗೆ ಬರೀರಿ. ನಮ್ಮನೆಯವ್ರು ಒಂದು ಕಾಗದ ತಗೊಂಡು ಲೆಕ್ಕ ಹಾಕೋಕೆ ಕೂತಿದಾರೆ.