ಸ್ಕೂಬಾ ಮಾಸ್ಕ್ ಒಳಗೆ ನೀರು ಪೂರ್ತಿ ತುಂಬಿದರೆ ಮೂಗಲ್ಲೇ ಉಸಿರು ಎಳೆದುಬಿಡುತ್ತೇನೆ, ಏನು ಮಾಡಲಿ?

ನಾಲೆಬದಿ_ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ಪಕ್ಕದ ಹಳ್ಳಿ. ಬಾವಿ, ನಾಲೆಯಲ್ಲೇ ಈಜಿ ಬೆಳೆದವನು, ನೀರಿನ ಭಯ ಇಲ್ಲ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಬೇಕು ಅಂತ ಸ್ಕೂಬಾ (ಸಿಲಿಂಡರ್ ಗಾಳಿ ಉಸಿರಾಡುತ್ತಾ ನೀರೊಳಗೆ ಈಜುವುದು) ಕೋರ್ಸ್‌ಗೆ ಸೇರಿದ್ದೇನೆ, ಪೂಲ್ ಕ್ಲಾಸ್ ನಡೆಯುತ್ತಿದೆ. ಕಣ್ಣು, ಮೂಗು ಎರಡನ್ನೂ ಮುಚ್ಚುವ ಡೈವಿಂಗ್ ಮಾಸ್ಕ್‌ಗೆ ಅರ್ಧ ನೀರು ಬಿಟ್ಟು, ನೀರೊಳಗೇ ಮೂಗಲ್ಲಿ ಊದಿ ಖಾಲಿ ಮಾಡುವುದು ಬಂತು. ಪೂರ್ತಿ ತುಂಬಿಸಿ ಅಂದಾಗ ಮಾತ್ರ ನೀರು ಮೂಗಿಗೆ ತಾಗುತ್ತಿದ್ದ ಹಾಗೆ ಮೂಗಲ್ಲೇ ಉಸಿರು ಎಳೆದುಬಿಡುತ್ತೇನೆ, ನೆತ್ತಿಗೆ ಹತ್ತಿ ಕೆಮ್ಮುತ್ತಾ ಎದ್ದು ನಿಲ್ಲುತ್ತೇನೆ. ಇನ್‌ಸ್ಟ್ರಕ್ಟರ್ ರಿಲ್ಯಾಕ್ಸ್ ಆಗಿ ಅಂತಾರೆ. ಆಗೋದು ಹೇಗೆ ಅಂತ ಯಾರಾದರೂ ಹೇಳಿ. ನಮ್ಮ ನಾಲೆಯಲ್ಲೇ ಪ್ರಾಕ್ಟೀಸ್ ಮಾಡಬಹುದಾ? ಇನ್ನೊಂದು, ಮೀಸೆ ದಪ್ಪ ಇದೆ, ತೆಗೆಯಲೇಬೇಕಾ?

ನೀರುಕಾಗೆ_ಮೈಸೂರು:
ನಾಲೆಯಲ್ಲಿ ಈಜು ಕಲಿತವರಿಗೇ ಈ ಕಾಟ ಜಾಸ್ತಿ ಗುರು. ಮುಳುಗುವಾಗ ಉಸಿರು ಕಟ್ಟಿ, ಮೂಗು ಹಿಡಿದೇ ನಿಮಗೆ ರೂಢಿ. ಸ್ಕೂಬಾದಲ್ಲಿ ಉಸಿರು ಕಟ್ಟುವ ಹಾಗೇ ಇಲ್ಲ, ಬಾಯಲ್ಲಿ ನಿಧಾನಕ್ಕೆ ಎಳೆದು ಬಿಡುತ್ತಲೇ ಇರಬೇಕು. ಅದಕ್ಕೇ ನೀರು ಖಾಲಿ ಮಾಡುವುದನ್ನು ಸದ್ಯಕ್ಕೆ ಮರೆತುಬಿಡಿ. ಮೊದಲು ಮೂಗಿಗೆ ನೀರು ತಾಗಿದ್ದಾಗ ಸುಮ್ನೆ ಬಾಯಲ್ಲೇ ಉಸಿರಾಡುವುದನ್ನು ಕಲಿಯಿರಿ.

ಅದಕ್ಕೆ ಪೂಲೂ ಬೇಡ. ಮನೆಯಲ್ಲಿ ಒಂದು ಬಕೆಟ್ ನೀರು ಇಟ್ಟುಕೊಳ್ಳಿ, ಸ್ನಾರ್ಕೆಲ್ (ಕಚ್ಚಿಕೊಂಡು ಉಸಿರಾಡುವ ಕೊಳವೆ) ಬಾಯಿಗೆ ಹಾಕಿ, ಮಾಸ್ಕ್ ಇಲ್ಲದೆ ಮುಖ ಮುಳುಗಿಸಿ ಉಸಿರಾಡಿ. ಪಕ್ಕದಲ್ಲಿ ಮನೆಯವರು ಯಾರಾದರೂ ಇರಲಿ. ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ತಣ್ಣೀರು, ಯಾಕಂದ್ರೆ ಮುಖಕ್ಕೆ ತಣ್ಣೀರು ಬಿದ್ದಾಗ ಉಸಿರು ತಾನಾಗೇ ಜಗ್ಗುತ್ತದೆ. ಎರಡು ಮೂರು ಉಸಿರಿನ ತನಕ ಮೂಗು ಹಠ ಮಾಡುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಕೋರ್ಸ್‌ನಲ್ಲೂ ಮಾಸ್ಕ್ ತೆಗೆಸಿ ಒಂದು ನಿಮಿಷ ನೀರೊಳಗೆ ಉಸಿರಾಡಿಸುತ್ತಾರಲ್ಲ, ಅದಕ್ಕೂ ಇದೇ ತಯಾರಿ.

ಒಂಟಿಕೊಪ್ಪಲ್_ಮೀನು:
ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ತುಂಬಿದ ಮಾಸ್ಕ್ ಹಾಕಿಕೊಂಡು ಮೊದಲೇ ತಲೆ ಹಿಂದಕ್ಕೆ ಹಾಕಿದರೆ ನೀರು ನೇರ ಮೂಗಿನೊಳಗೇ ಇಳಿಯುತ್ತದೆ. ತುಂಬಾ ಜನ ಕೆಡುವುದು ಇಲ್ಲೇ. ಮುಖ ನೆಟ್ಟಗೆ ಇಟ್ಟುಕೊಂಡು, ಮಾಸ್ಕ್‌ನ ಮೇಲಂಚನ್ನು ಬೆರಳಿನಿಂದ ಹಣೆಗೆ ಒತ್ತಿ, ಮೂಗಲ್ಲಿ ಗಾಳಿ ಬಿಡಲು ಶುರು ಮಾಡಿ. ಗಾಳಿ ಬಿಡುತ್ತಲೇ ಗಲ್ಲ ಸ್ವಲ್ಪ ಮೇಲೆತ್ತಿ. ಗಾಳಿ ಮೇಲೆ ಸೇರಿಕೊಂಡು ನೀರನ್ನು ಕೆಳಗಿನ ಅಂಚಿನಿಂದ ಆಚೆ ತಳ್ಳುತ್ತದೆ, ಅಷ್ಟೇ ವಿಷಯ. ನೆಲ ನೋಡಿಕೊಂಡು ಊದಿದರೆ ಗಾಳಿ ಮೇಲಿನಿಂದ ಸೋರಿ ಹೋಗುತ್ತದೆ, ನೀರು ಅಲ್ಲೇ ಇರುತ್ತದೆ.

ಸೀನುವ ಹಾಗೆ ಒಂದೇ ಸಲ ರಭಸವಾಗಿ ಊದಬೇಡಿ. ಬಾಯಿ ಮುಚ್ಚಿ ಹಾಡು ಗುನುಗುತ್ತೀವಲ್ಲ, ಹಾಗೆ ಹೂಂ ಅಂತ ಉದ್ದಕ್ಕೆ ಬಿಡಿ. ಗುನುಗುವಾಗ ಮೂಗಲ್ಲಿ ಒಳಗೆ ಎಳೆಯೋಕೆ ಆಗೋದೇ ಇಲ್ಲ, ನಿಮ್ಮ ತೊಂದರೆಗೆ ಅದೇ ಮದ್ದು. ಒಂದು ಉಸಿರಲ್ಲಿ ಖಾಲಿ ಆಗದಿದ್ದರೆ ಬಾಯಲ್ಲಿ ಎಳೆದುಕೊಂಡು ಇನ್ನೊಂದು ಸಲ. ಯಾರೂ ಓಡಿಸಿಕೊಂಡು ಬರಲ್ಲ.

ಕೆರೆಏರಿ:
ನಾಲೆ ಬೇಡ ಮಾರಾಯ. ವಿಶ್ವೇಶ್ವರಯ್ಯ ನಾಲೆಯ ಸೆಳೆತ ನಿಮಗೆ ಹೊಸದಲ್ಲ, ನಿಜ. ಆದರೆ ಕೆಮ್ಮಿಕೊಂಡು ಕಣ್ಣು ಬಿಡೋಕೆ ಆಗದೆ ಇರುವಾಗ ಆ ಇಳಿಜಾರು ಕಾಂಕ್ರೀಟ್ ದಡ ಹತ್ತೋದು ಬೇರೆ ಮಾತು. ಕೆಆರ್‌ಎಸ್ ಹಿನ್ನೀರೂ ಬೇಡ. ಮೈಸೂರಿಗೆ ಬನ್ನಿ. ಸರಸ್ವತಿಪುರಂನಲ್ಲಿ ಯೂನಿವರ್ಸಿಟಿ ಪೂಲ್ ಇದೆ, ಚಾಮುಂಡಿ ವಿಹಾರದಲ್ಲೂ ಇದೆ. ಮಾಸ್ಕ್, ಸ್ನಾರ್ಕೆಲ್ ಬಿಡ್ತಾರಾ ಅಂತ ಮೊದಲೇ ಕೇಳಿಕೊಂಡು, ಎದೆ ಮಟ್ಟದ ನೀರಲ್ಲಿ ಮಾಡಿ. ಈಜುವ ಗಾಗಲ್ಸ್ ಇದಕ್ಕೆ ಆಗಲ್ಲ, ಅದರಲ್ಲಿ ಮೂಗು ಹೊರಗಿರುತ್ತದೆ.

ಮೀಸೆ ವಿಚಾರ: ಮಂಡ್ಯದವರಿಗೆ ಪೂರ್ತಿ ತೆಗಿ ಅನ್ನೋಕೆ ನನಗೆ ಧೈರ್ಯ ಇಲ್ಲ :) ಮೂಗಿನ ಬುಡದಲ್ಲಿ ಸಿಲಿಕೋನ್ ಅಂಚು ಕೂರುವ ಜಾಗ ಇದೆಯಲ್ಲ, ಅಷ್ಟನ್ನು ಟ್ರಿಮ್ ಮಾಡಿದರೆ ಸಾಕು. ಸೋರುತ್ತದೆ ಅಂತ ಸ್ಟ್ರಾಪ್ ಬಿಗಿ ಮಾಡುತ್ತಾ ಹೋಗಬೇಡಿ, ಅಂಚು ಮಡಚಿಕೊಂಡು ಇನ್ನೂ ಜಾಸ್ತಿ ಸೋರುತ್ತದೆ.

ನಾಲೆಬದಿ_ಹುಡುಗ:
ಥ್ಯಾಂಕ್ಸ್ ಎಲ್ಲರಿಗೂ. ಬಕೆಟ್ ಇವತ್ತೇ ಶುರು, ಅಮ್ಮ ಏನಂತಾರೋ ನೋಡಬೇಕು. ಒಂದು ಡೌಟು. ಸಮುದ್ರದಲ್ಲಿ ಆಳದಲ್ಲಿ ಇದ್ದಾಗ ಹೀಗೇ ಆದರೆ? ಸರ್ರನೆ ಮೇಲೆ ಬಂದುಬಿಡಬಹುದಾ?

ನೀರುಕಾಗೆ_ಮೈಸೂರು:
ಬೇಡವೇ ಬೇಡ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ಎಳೆದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಗಾಬರಿಯಲ್ಲಿ ಉಸಿರು ಕಟ್ಟಿಕೊಂಡು ಎದ್ದರೆ ಶ್ವಾಸಕೋಶ ಹರಿಯಬಹುದು, ಜೀವಕ್ಕೇ ಅಪಾಯ. ಪೂಲಿನಲ್ಲಿ ಎದ್ದು ನಿಲ್ಲುವ ಅಭ್ಯಾಸ ಈಗಲೇ ಬಿಡಿಸಬೇಕು ಅನ್ನೋದು ಇದಕ್ಕೇ. ಕೆಮ್ಮು ಬಂದರೂ ರೆಗ್ಯುಲೇಟರ್ (ಸಿಲಿಂಡರ್ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಕಚ್ಚಿ ಹಿಡಿದು ಅದರೊಳಗೇ ಕೆಮ್ಮಿ, ಅದು ತಡೆದುಕೊಳ್ಳುತ್ತದೆ. ಒಂದು ಕೈಯಲ್ಲಿ ಇನ್‌ಸ್ಟ್ರಕ್ಟರ್ ತೋಳು ಹಿಡಿದುಕೊಳ್ಳಿ, ಇನ್ನೊಂದು ಕೈಯನ್ನು ಚಪ್ಪಟೆ ಮಾಡಿ ಅತ್ತಿತ್ತ ಅಲ್ಲಾಡಿಸಿ ಮಾಸ್ಕ್ ಕಡೆ ತೋರಿಸಿ, ಅವರಿಗೆ ಅರ್ಥ ಆಗುತ್ತದೆ. ನೆಗಡಿ ಇದ್ದರೆ ಮಾತ್ರ ಆ ದಿನ ನೀರಿಗೇ ಇಳಿಯಬೇಡಿ, ಕಿವಿಯೊಳಗಿನ ಒತ್ತಡ ಸರಿಹೊಂದೋದಿಲ್ಲ. ಮತ್ತೆ ತಾರೀಕು ಬೇಗ ನೋಡಿಕೊಳ್ಳಿ, ಮಳೆಗಾಲದಲ್ಲಿ ನೇತ್ರಾಣಿಗೆ ಬೋಟ್ ಬಿಡಲ್ಲ.