ಸಹಾಯ ಬೇಕು: ಫ್ರೀಬಿಎಸ್‌ಡಿ ಜೈಲ್‌ಗಳ ನಡುವೆ ನೆಟ್‌ವರ್ಕ್ ತಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಫ್ರೀಬಿಎಸ್‌ಡಿ 14 ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಜೈಲ್‌ಗಳನ್ನು (ಒಂದೇ ಯಂತ್ರದೊಳಗೆ ಪ್ರತ್ಯೇಕಿಸಿದ ಆವರಣಗಳು) ಕಲಿಯುತ್ತಿದ್ದೇನೆ. ಒಂದರಲ್ಲಿ ವೆಬ್ ಸರ್ವರ್, ಇನ್ನೊಂದರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್, ಮೂರನೆಯದು ಪ್ರಯೋಗಕ್ಕೆ. ಮೂರಕ್ಕೂ ಎಲ್‌ಒ1 ಎಂಬ ಹೆಚ್ಚುವರಿ ಲೂಪ್‌ಬ್ಯಾಕ್ (ಯಂತ್ರದೊಳಗಿನ ಸಂಚಾರದ) ಇಂಟರ್‌ಫೇಸಿನಲ್ಲಿ ಬೇರೆ ಬೇರೆ ವಿಳಾಸ ಕೊಟ್ಟಿದ್ದೇನೆ. ಹೊರಗೆ ಹೋಗಲು ಪಿಎಫ್ ಎಂಬ ಫೈರ್‌ವಾಲ್‌ನಲ್ಲಿ ನ್ಯಾಟ್ (ವಿಳಾಸ ಬದಲಾವಣೆ) ಇದೆ.

ಕಡತ, ಪ್ರಕ್ರಿಯೆಗಳ ಮಟ್ಟಿಗೆ ಎಲ್ಲವೂ ಚೊಕ್ಕ. ಒಂದು ಜೈಲ್‌ನ ರೂಟ್‌ಗೆ ಇನ್ನೊಂದರದು ಕಾಣುವುದೇ ಇಲ್ಲ. ತಕರಾರು ಇರುವುದು ನೆಟ್‌ವರ್ಕಿನದು. ಪೋಸ್ಟ್‌ಗ್ರೆಸ್‌ನ 5432 ಪೋರ್ಟ್ ವೆಬ್ ಜೈಲ್‌ಗೆ ಮಾತ್ರ ಸಿಗಬೇಕು. ಆದರೆ ಪ್ರಯೋಗದ ಜೈಲ್ ಕೂಡ ಸಲೀಸಾಗಿ ಒಳನುಗ್ಗುತ್ತದೆ. ಎಲ್‌ಒ1 ಮೇಲೆ ಬ್ಲಾಕ್ ನಿಯಮ ಬರೆದೆ, ಪಿಎಫ್ ಮರುಲೋಡ್ ಮಾಡಿದೆ, ಹಳೆಯ ಸ್ಟೇಟ್‌ಗಳನ್ನೂ (ಪಿಎಫ್ ನೆನಪಿಟ್ಟುಕೊಂಡ ಸಂಪರ್ಕಗಳು) ಅಳಿಸಿದೆ. ಅದು ಜಪ್ಪಯ್ಯ ಎನ್ನಲಿಲ್ಲ. ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ ನೋಡಿದರೆ ಎಲ್‌ಒ1 ಖಾಲಿ, ಪ್ಯಾಕೆಟ್‌ಗಳೆಲ್ಲ ಯಂತ್ರದ ಮೂಲ ಲೂಪ್‌ಬ್ಯಾಕ್ ಆದ ಎಲ್‌ಒ0 ಮೇಲೆ ಓಡಾಡುತ್ತಿವೆ! ಪಿಎಫ್ ನಿಯಮಗಳಲ್ಲಿಯೋ ‘ಸೆಟ್ ಸ್ಕಿಪ್ ಆನ್ ಎಲ್‌ಒ0’ (ಎಲ್‌ಒ0 ಅನ್ನು ಪರಿಶೀಲಿಸದೆ ಬಿಡು) ಎಂಬ ಸಾಲು ಕುಳಿತಿದೆ. ನಾನು ನೋಡಿದ ಕೈಪಿಡಿಗಳೆಲ್ಲ ಅದನ್ನು ಹಾಕಿ ಎಂದೇ ಹೇಳುತ್ತವೆ. (ಪೋಸ್ಟ್‌ಗ್ರೆಸ್‌ನ ಸಂರಚನೆಯಲ್ಲೇ ತಡೆಯಬಹುದು, ಗೊತ್ತು. ನನಗೆ ಬೇಕಿರುವುದು ಅದಲ್ಲ.)

ಆ ಸ್ಕಿಪ್ ಸಾಲು ತೆಗೆದು ಎಲ್‌ಒ0 ಮೇಲೆಯೇ ನಿಯಮ ಬರೆಯುವುದು ಸರಿಯೇ, ಇಲ್ಲವೇ ವಿನೆಟ್ (ಜೈಲ್‌ಗೆ ತನ್ನದೇ ನೆಟ್‌ವರ್ಕ್) ಮತ್ತು ಇಪೇರ್‌ಗೆ (ಜೋಡಿ ವರ್ಚುವಲ್ ಇಂಟರ್‌ಫೇಸ್) ಹೋಗಲೇಬೇಕೇ? ಮೊದಲನೆಯದೇ ಸಾಕೆಂದಾದರೆ, ಮೂಲ ಯಂತ್ರದ ಸ್ವಂತ ಲೂಪ್‌ಬ್ಯಾಕ್ ಸಂಚಾರ ನಿಲ್ಲದಂತೆ ಯಾವ ಪಾಸ್ ನಿಯಮ ಸೇರಿಸಬೇಕು?